ದ್ರವದ ಸಂಕೇತ: ಮೂಲ ದನಿಯೇ, ಮಾರ್ದನಿಯೇ?

ಸಿರುಗುಪ್ಪದ ಅಕ್ಕಿಯಲ್ಲಿ ದಪ್ಪ ಕಲ್ಲಿದ್ದರೆ ಜರಡಿಗೆ ಸಿಗುತ್ತದೆ. ಅಕ್ಕಿಯಷ್ಟೇ ಗಾತ್ರದ ಕಲ್ಲು ಸಿಗುವುದಿಲ್ಲ. ಅದನ್ನು ನೀರಿನಲ್ಲಿ ಜಾಲಿಸಿಯೇ ತೆಗೆಯಬೇಕು. ದ್ರವಗಳ ರೋಹಿತ ಅಧ್ಯಯನದಲ್ಲೂ ಇಂಥದೇ ತೊಡಕು.

1923ರಲ್ಲಿ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಕಂಡ ಮಂದ ಬೆಳಕನ್ನು ಕಶ್ಮಲಗಳ ಪ್ರತಿದೀಪ್ತಿ ಎಂದೇ ಭಾವಿಸಲಾಗಿತ್ತು. ದ್ರವವನ್ನು ಎಷ್ಟು ಶುದ್ಧೀಕರಿಸಿದರೂ ಅದು ಮರೆಯಾಗಲಿಲ್ಲ. ಮೇಲಾಗಿ ಅದು ಧ್ರುವೀಕರಣಗೊಂಡಿತ್ತು. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ರಾಮನ್ ಅದನ್ನು ಹೊಸ ವಿಕಿರಣವೆಂದು ವಿವರಿಸಿದರು.

ಲೇಸರ್ ಬಂದ ಮೇಲೆ ಸಮಸ್ಯೆ ಇನ್ನೂ ಸೂಕ್ಷ್ಮವಾಯಿತು. ದ್ರವದ ರೋಹಿತ ಪಟ್ಟಿ ಅಗಲವಾಗಿರುವುದೇಕೆ? ಅಣುಗಳ ಕಂಪನ ಬೇಗ ಅಡಗುವುದರಿಂದಲೇ, ಅಥವಾ ಒಂದೊಂದು ಅಣುವಿನ ನೆರೆಹೊರೆ ಬೇರೆಯಾಗಿರುವುದರಿಂದಲೇ? ಇದನ್ನು ತಿಳಿಯಲು ತಾನಿಮುರಾ ಮತ್ತು ಮುಕಾಮೆಲ್ 1993ರಲ್ಲಿ ಐದನೆಯ ಕ್ರಮದ ರಾಮನ್ ಪ್ರಯೋಗವನ್ನು ಸೂಚಿಸಿದರು. ಲೇಸರ್ ಸ್ಪಂದಗಳಿಂದ ದ್ರವವನ್ನು ಎರಡು ಬಾರಿ ಕೆಣಕಿ, ನಡುವಣ ಕಾಲವನ್ನು ಬದಲಿಸುತ್ತ ಫಲಿತ ಬೆಳಕನ್ನು ಅಳೆಯುವುದು ಇದರ ತಿರುಳು. ಕಾರ್ಬನ್ ಡೈಸಲ್ಫೈಡ್‌ನಲ್ಲಿ ಸಂಕೇತವೂ ಸಿಕ್ಕಿತು. ಆದರೆ ಅದರ ಬಹುಪಾಲು ಬೇರೆಯದೇ ಆಗಿತ್ತೆಂದು 1999ರಲ್ಲಿ ಬರ್ಕ್ಲಿಯ ಫ್ಲೆಮಿಂಗ್ ತಂಡ ತೋರಿಸಿತು.

ಕುರುಗೋಡಿನ ಬಂಡೆಗುಡ್ಡಗಳ ನಡುವೆ ಕೂಗಿದರೆ ಒಂದು ಗುಡ್ಡದ ಮಾರ್ದನಿ ಇನ್ನೊಂದಕ್ಕೆ ಬಡಿದು ಮತ್ತೆ ಮೊಳಗಬಹುದಷ್ಟೆ? ಇಲ್ಲಿಯೂ ಒಂದು ಅಣು ಮೂರನೆಯ ಕ್ರಮದಲ್ಲಿ ಹೊಮ್ಮಿಸಿದ ಬೆಳಕು ಉಳಿದ ಸ್ಪಂದಗಳೊಡನೆ ಸೇರಿ ಮತ್ತೊಂದು ಅಣುವನ್ನು ಕೆಣಕುತ್ತದೆ. ಕೊನೆಗೆ ಬರುವ ಬೆಳಕು ಐದನೆಯ ಕ್ರಮದ್ದರಂತೆಯೇ ಕಾಣುತ್ತದೆ. ನಿಜವಾದ ಸಂಕೇತ ಬಹಳ ಕ್ಷೀಣವಾದ್ದರಿಂದ ಈ ಸರಣಿ ಪ್ರಕ್ರಿಯೆ ಅದನ್ನು ಮುಚ್ಚಿಬಿಡುತ್ತದೆ.

ಬೇರ್ಪಡಿಸುವುದು ಹೇಗೆ? ಸರಣಿಗೆ ಎರಡು ಅಣುಗಳು ಬೇಕು. ಆದ್ದರಿಂದ ಸಾಂದ್ರತೆಯನ್ನು ಅರ್ಧಕ್ಕಿಳಿಸಿದರೆ ನಿಜ ಸಂಕೇತದ ತೀವ್ರತೆ 4ರಲ್ಲಿ 1 ಪಾಲಿಗೂ ಸರಣಿಯದು 16ರಲ್ಲಿ 1 ಪಾಲಿಗೂ ಇಳಿಯಬೇಕು. ಉಪಾಯ ಚೆನ್ನಾಗಿದೆ, ಆದರೆ ದ್ರವಕ್ಕೆ ಬೇರೊಂದನ್ನು ಬೆರೆಸಿದೊಡನೆ ನಾವು ಅಳೆಯಹೊರಟ ನೆರೆಹೊರೆಯೇ ಬದಲಾಗುತ್ತದೆ! ಕಿರಣಗಳ ಕೋನಗಳನ್ನು ಆಯ್ದು, ನಡುವೆ ಹುಟ್ಟುವ ಬೆಳಕು ಬೆಳೆಯದಂತೆ ತಡೆಯುವುದು ಇದಕ್ಕಿಂತ ಮೇಲು. ಇನ್ನೊಂದು ಗುರುತು ಪ್ರಾವಸ್ಥೆ: ಸರಣಿಯ ಬೆಳಕು ನಿಜ ಸಂಕೇತದಿಂದ 90 ಡಿಗ್ರಿ ಸರಿದಿರುತ್ತದೆ. 2002ರಲ್ಲಿ ಫ್ಲೆಮಿಂಗ್ ಮತ್ತು ಟೊರಾಂಟೊದ ಮಿಲ್ಲರ್ ತಂಡಗಳು ನಿಜ ಸಂಕೇತವನ್ನು ವರದಿ ಮಾಡಿದವು.

ರಾಮನ್ ಅವರನ್ನು ಕಾಡಿದ ಪ್ರತಿದೀಪ್ತಿ ಮಾತ್ರ ಇನ್ನೂ ತೊಲಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ ರೂಪಿಸಿದ ಅತಿವೇಗದ ರಾಮನ್ ನಷ್ಟ ವಿಧಾನದಲ್ಲಿ ಹೆಚ್ಚಿನ ಆವೃತ್ತಿಯ ಕಡೆ ಬೆಳಕು ಕುಗ್ಗುವುದನ್ನು ಅಳೆಯುತ್ತಾರೆ. ಪ್ರತಿದೀಪ್ತಿ ಹೆಚ್ಚಾಗಿ ಕಡಿಮೆ ಆವೃತ್ತಿಯ ಕಡೆಗಿರುತ್ತದೆ.