ಚಾಟ್ ಹೋಗುತ್ತೆ, ಫೈಲ್ ಯಾಕೆ ಹೋಗಲ್ಲ?

ಕೇಳುಗರೊಬ್ಬರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಅವರು ಮನೆಯಿಂದ ಆಫೀಸಿನ ವಿಪಿಎನ್‌ಗೆ ಕನೆಕ್ಟ್ ಆಗ್ತಾರೆ. ಚಾಟ್ ಸರಾಗವಾಗಿ ಹೋಗುತ್ತೆ. ಫೈಲ್ ಅಪ್‌ಲೋಡ್ ಮಾಡಿದ್ರೆ ಮಾತ್ರ ಚಕ್ರ ತಿರುಗ್ತಾನೇ ಇರುತ್ತೆ. ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲ ಸರಿಯಾಗಿದೆ. ನನ್ನ ಅನುಮಾನ ಪ್ಯಾಕೆಟ್‌ನ ಅಳತೆಯ ಮೇಲೆ.

ಇಂಟರ್ನೆಟ್‌ನಲ್ಲಿ ಡೇಟಾ ಪ್ಯಾಕೆಟ್‌ಗಳಾಗಿ ಹೋಗುತ್ತೆ ಅನ್ನೋದು ನಿಮಗೆ ಗೊತ್ತು. ಐಪಿವಿ4 ನಿಯಮದಲ್ಲಿ ಒಂದು ಪ್ಯಾಕೆಟ್ 65,535 ಬೈಟ್‌ವರೆಗೂ ಇರಬಹುದು. ಆದರೆ ಈಥರ್‌ನೆಟ್‌ನಲ್ಲಿ ಒಂದು ಸಲಕ್ಕೆ ಹಿಡಿಸೋದು ಸಾಮಾನ್ಯವಾಗಿ 1500 ಬೈಟ್ ಮಾತ್ರ. ಈ ಮಿತಿಯನ್ನೇ ಎಂಟಿಯು ಅನ್ನೋದು. ದಾರಿಯಲ್ಲಿ ಎಂಟಿಯು ಇನ್ನೂ ಕಿರಿದಾದ ಕಡೆಗಳೂ ಸಿಗುತ್ತವೆ.

ಹಾಗಾದ್ರೆ ದೊಡ್ಡ ಪ್ಯಾಕೆಟ್ ಬಂದಾಗ ರೂಟರ್ ಏನು ಮಾಡಬೇಕು? ಮನೆ ಬದಲಾಯಿಸುವಾಗ ಮಂಚ ಬಾಗಿಲಲ್ಲಿ ಹಿಡಿಸದಿದ್ರೆ ಬಿಚ್ಚಿ ಒಯ್ಯುತ್ತೇವಲ್ಲ, 1981ರ ಐಪಿ ನಿಯಮ ಅದನ್ನೇ ಹೇಳಿತು: ಒಡೆದು ಕಳಿಸು. 4000 ಬೈಟ್‌ನ ಪ್ಯಾಕೆಟ್ ತಗೊಳ್ಳಿ. ಅದರಲ್ಲಿ 20 ಬೈಟ್ ಹೆಡರ್, ಅಂದ್ರೆ ವಿಳಾಸದ ಚೀಟಿ. ಉಳಿದ 3980 ಬೈಟ್ ಮೂರು ತುಂಡಾಗುತ್ತೆ: 1480, 1480, 1020. ಪ್ರತಿ ತುಂಡಿಗೂ ಹೊಸದಾಗಿ 20 ಬೈಟ್‌ನ ಹೆಡರ್ ಅಂಟುತ್ತೆ. ಮೂರಕ್ಕೂ ಒಂದೇ ಗುರುತಿನ ಸಂಖ್ಯೆ. ಜೊತೆಗೆ, ಈ ತುಂಡು ಎಲ್ಲಿಂದ ಶುರು ಅನ್ನೋ ಲೆಕ್ಕ. ಅದನ್ನು ಎಂಟೆಂಟು ಬೈಟ್‌ಗಳಲ್ಲಿ ಎಣಿಸ್ತಾರೆ, ಹಾಗಾಗಿ 0, 185, 370. ಕೊನೆಯದನ್ನು ಬಿಟ್ಟು ಉಳಿದವುಗಳಲ್ಲಿ ‘ಇನ್ನೂ ಇದೆ’ ಅನ್ನೋ ಒಂದು ಬಿಟ್.

ಒಡೆಯೋದು ಸುಲಭ, ಜೋಡಿಸೋದೇ ಕಷ್ಟ. ತುಂಡುಗಳು ಬೇರೆ ಬೇರೆ ದಾರಿ ಹಿಡಿದು ಬರಬಹುದು, ಅದಕ್ಕೇ ಜೋಡಣೆ ಕೊನೆಯ ಕಂಪ್ಯೂಟರ್‌ನಲ್ಲೇ ಆಗಬೇಕು. ಒಂದು ತುಂಡು ಕಳೆದರೂ ಬಂದಿರೋದೆಲ್ಲ ಕಸ. ಕಳೆದ ತುಂಡನ್ನಷ್ಟೇ ಮತ್ತೆ ಕಳಿಸು ಅಂತ ಕೇಳೋ ವ್ಯವಸ್ಥೆ ಐಪಿಯಲ್ಲಿ ಇಲ್ಲ. ತುಂಡುಗಳ ಲೆಕ್ಕ 65,535 ದಾಟೋ ಹಾಗೆ ಕಿಡಿಗೇಡಿಗಳು ಕಳಿಸಿದಾಗ ಕಂಪ್ಯೂಟರ್‌ಗಳೇ ಕುಸಿದು ಬೀಳ್ತಿದ್ದವು. 90ರ ದಶಕದ ‘ಪಿಂಗ್ ಆಫ್ ಡೆತ್’ ಅದೇ. ಅದಕ್ಕೂ ಮೊದಲೇ, 1987ರಲ್ಲಿ, ಕೆಂಟ್ ಮತ್ತು ಮೊಗಲ್ ಎಂಬ ಇಬ್ಬರು ಈ ಒಡೆಯುವಿಕೆ ಹಾನಿಕರ ಅಂತ ಪ್ರಬಂಧ ಬರೆದಿದ್ರು. ನನಗೂ ಅವರ ಮಾತೇ ಸರಿ ಅನ್ಸುತ್ತೆ.

ಈಗಿನ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಟಿಸಿಪಿ ಪ್ಯಾಕೆಟ್ ಮೇಲೆ ‘ಒಡೆಯಬೇಡ’ ಅಂತ ಬರೆದೇ ಕಳಿಸ್ತವೆ. ಹಿಡಿಸದಿದ್ರೆ ರೂಟರ್ ಅದನ್ನು ಎಸೆದು, ‘ಇಲ್ಲಿ ಇಷ್ಟೇ ಹಿಡಿಸೋದು’ ಅಂತ ಐಸಿಎಂಪಿ ಸಂದೇಶವನ್ನು ವಾಪಸ್ ಕಳಿಸುತ್ತೆ. ಕಳಿಸಿದವರು ಅಳತೆ ತಗ್ಗಿಸಿಕೊಳ್ತಾರೆ. ಐಪಿವಿ6ನಲ್ಲಂತೂ ದಾರಿಯ ರೂಟರ್‌ಗಳು ಒಡೆಯೋ ಹಾಗೇ ಇಲ್ಲ. ಅಲ್ಲಿ ಪ್ರತಿ ಲಿಂಕ್‌ನಲ್ಲೂ ಕನಿಷ್ಠ 1280 ಬೈಟ್ ಹಿಡಿಸಲೇಬೇಕು.

ಕೇಳುಗರ ತೊಂದರೆ ಇರೋದು ಇಲ್ಲೇ ಅನ್ಸುತ್ತೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕೋ ಪಿಪಿಪಿಒಇ ಬ್ರಾಡ್‌ಬ್ಯಾಂಡ್ 8 ಬೈಟ್ ತಿನ್ನುತ್ತೆ, ಉಳಿಯೋದು 1492. ವಿಪಿಎನ್ ತನ್ನ ಹೆಡರ್ ಸೇರಿಸಿ ಇನ್ನಷ್ಟು ತಿನ್ನುತ್ತೆ. ಅಷ್ಟರಲ್ಲಿ ಯಾರೋ ಭದ್ರತೆಯ ಹೆಸರಲ್ಲಿ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನೇ ಪೂರ್ತಿ ತಡೆದಿರ್ತಾರೆ! ಪ್ಯಾಕೆಟ್ ಯಾಕೆ ಬಿತ್ತು ಅನ್ನೋದು ಕಳಿಸಿದವರಿಗೆ ತಿಳಿಯಲ್ಲ. ಅದೇ ಅಳತೆಯದ್ದನ್ನು ಮತ್ತೆ ಮತ್ತೆ ಕಳಿಸ್ತಾರೆ. ಚಾಟ್ ಸಂದೇಶ ಪುಟ್ಟದು, ನುಸುಳಿಕೊಂಡು ಹೋಗುತ್ತೆ.

ಪರೀಕ್ಷೆ ಮಾಡೋದು ಹೀಗೆ. ವಿಪಿಎನ್ ಆನ್ ಇರುವಾಗ ಆಫೀಸಿನ ಒಂದು ಸರ್ವರ್‌ಗೆ ಪಿಂಗ್ ಕೊಡಿ, ‘ಒಡೆಯಬೇಡ’ ಆಯ್ಕೆಯ ಜೊತೆ, 1472 ಬೈಟ್. ‘ಒಡೆಯಬೇಕಾಗುತ್ತೆ’ ಅಂತ ಎರರ್ ಬಂದ್ರೆ ಒಳ್ಳೇದೇ, ಮಿತಿ ಗೊತ್ತಾಗ್ತಿದೆ ಅಂತ ಅರ್ಥ. ಸಣ್ಣ ಪಿಂಗ್‌ಗೆ ಉತ್ತರ ಬಂದು, ದೊಡ್ಡದಕ್ಕೆ ಏನೂ ಬರದೆ ಟೈಮ್‌ಔಟ್ ಆದ್ರೆ ಅನುಮಾನ ಗಟ್ಟಿ. ಉತ್ತರ ಬರೋವರೆಗೆ ಹತ್ತತ್ತು ಬೈಟ್ ಇಳಿಸ್ತಾ ಹೋಗಿ. ಸಿಕ್ಕ ಸಂಖ್ಯೆಗೆ ಎರಡು ಹೆಡರ್‌ಗಳ 28 ಸೇರಿಸಿ, ಅದನ್ನು ಆಫೀಸಿನ ಐಟಿಯವರಿಗೆ ಕೊಟ್ಟು, ವಿಪಿಎನ್‌ನ ಎಂಟಿಯು ಅದಕ್ಕಿಂತ ಹೆಚ್ಚಿರದ ಹಾಗೆ ಹೊಂದಿಸೋಕೆ ಹೇಳಿ. ಐಸಿಎಂಪಿ ತಡೆದಿರೋ ಫೈರ್‌ವಾಲ್ ಅವರದ್ದೇ ಆಗಿದ್ರೆ, ಅದನ್ನೂ ಕೇಳಿ.