ನಮ್ಮ ಬೆನ್ನು, ಎರೆಹುಳದ ಹೊಟ್ಟೆ!

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ರಾತ್ರಿಯೆಲ್ಲಾ ಮಳೆ ಸುರಿದು ನಿಂತ ಬೆಳಿಗ್ಗೆ ಹಿತ್ತಲಿನ ಒದ್ದೆ ಮಣ್ಣಿನಿಂದ ಒಂದು ಎರೆಹುಳ ಎತ್ತಿಕೊಳ್ಳಿ. ಒಣ ಕಾಗದದ ಮೇಲೆ ಬಿಟ್ಟು ಕಿವಿಗೊಡಿ. ಪರಪರ ಸದ್ದು! ಅದರ ಉಂಗುರಗಳಲ್ಲಿರುವ, ಕಣ್ಣಿಗೆ ಕಂಡೂ ಕಾಣದ ಬಿರುಗೂದಲು ಕಾಗದವನ್ನು ಕೆರೆಯುತ್ತಿದೆ. ಕಾಲಿಲ್ಲದ ಜೀವಕ್ಕೆ ನೆಲದ ಹಿಡಿತ ಸಿಗುವುದು ಅದರಿಂದಲೇ. ಇನ್ನು ಬೆನ್ನು ನೋಡಿ. ತೆಳು ಚರ್ಮದಡಿ ಕಡುಗೆಂಪು ಗೆರೆಯೊಂದು ಮಿಡಿಯುತ್ತಿದೆ, ಬಾಲದ ಕಡೆಯಿಂದ ತಲೆಯ ಕಡೆಗೆ ಅಲೆಅಲೆಯಾಗಿ ರಕ್ತ ನೂಕುತ್ತಿದೆ! ನರಹುರಿ ಎಲ್ಲಿ? ಹೊಟ್ಟೆಯ ಕಡೆ.

ಅಡುಗೆಮನೆಯ ಜಿರಳೆಗೆ ಬನ್ನಿ. ಒಳಗೆ ಒಂದು ಎಲುಬೂ ಇಲ್ಲ, ಹೊರಗವಚವೇ ಅಸ್ಥಿಪಂಜರ. ಮೂಗಿಲ್ಲ, ಮೈಯ ಇಕ್ಕೆಲಗಳಲ್ಲಿ 10 ಜೊತೆ ರಂಧ್ರಗಳು, ಅಲ್ಲಿಂದ ಕವಲೊಡೆಯುತ್ತ ಹೋಗುವ ಕೊಳವೆಗಳು ಗಾಳಿಯನ್ನು ನೇರ ಅಂಗಾಂಗಗಳಿಗೇ ಮುಟ್ಟಿಸುತ್ತವೆ. ಆಮ್ಲಜನಕ ಹೊರುವ ಕೆಲಸವಿಲ್ಲದ ರಕ್ತಕ್ಕೆ ಕೆಂಪು ಬಣ್ಣವೂ ಬೇಕಿಲ್ಲ. ಹೃದಯಕ್ಕೆ 13 ಕೋಣೆ, ಅದೂ ಬೆನ್ನಿನಡಿಯೇ! ನರಹುರಿ ಮತ್ತೆ ಹೊಟ್ಟೆಯ ಕಡೆಯೇ.

ಬಸವನಹುಳುವಿನ ದಾರಿಯೇ ಬೇರೆ. ಮರಿಯಾಗುವ ಮುಂಚೆಯೇ ಅದರ ಒಳಾಂಗಗಳು ಅರ್ಧ ಸುತ್ತು ತಿರುಚಿಕೊಂಡು, ಮಲದ್ವಾರ ತಲೆಯ ಬಳಿಗೇ ಬಂದುಬಿಡುತ್ತದೆ. ಎಂಥ ಸಾಹಸ!

ಆದರೆ ತುಮಕೂರಿನ ಅಮಾನಿಕೆರೆಯ ಮೀನು, ಕಪ್ಪೆ, ಬೆಳ್ಳಕ್ಕಿ, ದಡದಲ್ಲಿ ನಿಂತು ನೋಡುವ ನಾವು? ಬೆನ್ನಲ್ಲಿ ನರಹುರಿ, ಎದೆಯಲ್ಲಿ ಹೃದಯ. ಎರೆಹುಳ, ಜಿರಳೆಗಳಿಗೆ ಪೂರಾ ತದ್ವಿರುದ್ಧ!

ಇದು ಕಾಕತಾಳೀಯವೇ? 1822ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಜೆಫ್ರಾಯ್ ಸೇಂಟ್ ಹಿಲೇರ್ ಸೀಗಡಿಯ ಬಂಧುವಾದ ಒಂದು ಲಾಬ್‌ಸ್ಟರನ್ನು ಅಂಗಾತ ಮಲಗಿಸಿ ನೋಡಿದ. ಒಳಾಂಗಗಳ ಜೋಡಣೆ ನಮ್ಮದೇ! ಕೀಟವೂ ನಾವೂ ಒಂದೇ ನಕ್ಷೆಯವರು, ಮಗುಚಿದ್ದೊಂದೇ ವ್ಯತ್ಯಾಸ ಎಂದ. ಪಂಡಿತರು ಒಪ್ಪಲಿಲ್ಲ, ಮಾತು ಮೂಲೆಗುಂಪಾಯಿತು. ನನಗೆ ರೋಮಾಂಚನವಾಗುವುದು ಮುಂದಿನ ಸಂಗತಿಗೆ. 1995ರಲ್ಲಿ ವಿಜ್ಞಾನಿಗಳು ಹಣ್ಣುನೊಣದ ಹೊಟ್ಟೆಯ ಭಾಗ ರೂಪಿಸುವ ಜೀನಿನ ಸಂದೇಶವನ್ನು ಕಪ್ಪೆಯ ಭ್ರೂಣಕ್ಕೆ ಸೇರಿಸಿದರು. ಅಲ್ಲಿ ಅದು ಬೆನ್ನಿನ ಭಾಗ ಕಟ್ಟಿತು! ಕಪ್ಪೆಯ ಬೆನ್ನಿನ ಜೀನು ನೊಣದೊಳಗೆ ಹೊಟ್ಟೆಯ ಭಾಗವನ್ನೇ ಬೆಳೆಸಿತು. 50 ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದ ಎರಡು ವಂಶಗಳು ಇಂದಿಗೂ ಪರಸ್ಪರರ ಅಪ್ಪಣೆ ಓದಬಲ್ಲವು. ಅಷ್ಟೇ ಅಲ್ಲ, ಆ ದೂರದ ಕಾಲದಲ್ಲಿ ಮಗುಚಿಕೊಂಡದ್ದು ಕೀಟಗಳ ಪೂರ್ವಜರಲ್ಲ, ನಮ್ಮ ಪೂರ್ವಜರೇ ಎಂಬುದು ಇಂದು ಬಹಳಷ್ಟು ಜೀವವಿಜ್ಞಾನಿಗಳ ಅಭಿಪ್ರಾಯ!