ಗೂಟ ಮನುಷ್ಯರದು, ಒಡ್ಡು ಬೀವರ್‌ಗಳದು

ಹಳ್ಳಕ್ಕೆ ಒಡ್ಡು ಕಟ್ಟುವ ಪ್ರಾಣಿ ಬೀವರ್. ಜೆಕ್ ಗಣರಾಜ್ಯದ ಎಂಟು ಬೀವರ್‌ಗಳು ಸರ್ಕಾರಕ್ಕೆ 3 ಕೋಟಿ ಕೊರುನಾ ಉಳಿಸಿಕೊಟ್ಟವಂತೆ ಎಂಬ ಸುದ್ದಿ 2025ರ ಆರಂಭದಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಏಳು ವರ್ಷ ಕಡತದಲ್ಲೇ ಕೂತಿದ್ದ ಒಡ್ಡುಗಳನ್ನು ಅವೇ ಕಟ್ಟಿಬಿಟ್ಟಿದ್ದವು. ಹಾಗಾದರೆ ಬೀವರ್ ತಂದು ಬಿಟ್ಟರೆ ಸಾಯುತ್ತಿರುವ ಹಳ್ಳಗಳೆಲ್ಲ ಬದುಕುತ್ತವೆಯೇ? ಅಷ್ಟು ಸಲೀಸಲ್ಲ ಎನ್ನುತ್ತದೆ ಬ್ರಿಜ್ ಕ್ರೀಕ್‌ನ ಕಥೆ.

ಅಮೆರಿಕದ ಒರೆಗಾನ್‌ನಲ್ಲಿ ಜಾನ್ ಡೇ ನದಿಗೆ ಸೇರುವ ಹಳ್ಳ ಬ್ರಿಜ್ ಕ್ರೀಕ್. ಯುರೋಪಿನ ತುಪ್ಪಳದ ಟೋಪಿ ಶೋಕಿಗೆ 19ನೇ ಶತಮಾನದಲ್ಲಿ ಆ ಸೀಮೆಯ ಬೀವರ್‌ಗಳು ಬಲಿಯಾದವು. ಅಮೆರಿಕನ್ ಬೇಟೆಗಾರರು ಇತ್ತ ತಲೆಹಾಕದಿರಲೆಂದು ತುಪ್ಪಳ ವ್ಯಾಪಾರದ ಬ್ರಿಟಿಷ್ ಸಂಸ್ಥೆ ಹಡ್ಸನ್ಸ್ ಬೇ ಕಂಪನಿ 1820ರ ದಶಕದಲ್ಲಿ ಒಂದನ್ನೂ ಉಳಿಸದೆ ಹಿಡಿಯುವ ನೀತಿಯನ್ನೇ ಮಾಡಿಕೊಂಡಿತ್ತು. ಪೀಟರ್ ಸ್ಕೀನ್ ಆಗ್ಡೆನ್ ಎಂಬಾತ ಅದಕ್ಕಾಗಿ ದಂಡು ಕಟ್ಟಿಕೊಂಡು ಹೊಳೆ ಹೊಳೆ ಅಲೆದ. ವ್ಯಾಪಾರದ ಜಿದ್ದಿಗೆ ಒಂದು ಪ್ರಾಣಿಯ ನಿರ್ವಂಶ! ಒಡ್ಡುಗಳು ಹೋದವು, ದನಗಳ ಹಾವಳಿಯೂ ಸೇರಿತು, ನೀರು ತಳವನ್ನೇ ಕೊರೆಯಿತು. ಆಳಕ್ಕಿಳಿದ ಹಳ್ಳ ಪಕ್ಕದ ಬಯಲನ್ನು ಮುಟ್ಟದಾಯಿತು.

ಮುಂದೆ ಬೀವರ್‌ಗಳು ಮರಳಿದರೂ ಪ್ರಯೋಜನವಾಗಲಿಲ್ಲ. ಇಕ್ಕಟ್ಟಿನ ಕೊರಕಲಲ್ಲಿ ನೆರೆಯ ರಭಸವೆಲ್ಲ ಒಡ್ಡಿನ ಮೇಲೇ ಬೀಳುವುದರಿಂದ ಹೆಚ್ಚಿನವು ವರ್ಷ ತುಂಬುವ ಮೊದಲೇ ಕೊಚ್ಚಿಹೋಗುತ್ತಿದ್ದವು. 2009ರಿಂದ ಮೈಕೆಲ್ ಪೊಲಾಕ್, ನಿಕ್ ಬೌವ್ಸ್ ಮೊದಲಾದ ಸಂಶೋಧಕರು ಹಳ್ಳಕ್ಕೆ ಅಡ್ಡಲಾಗಿ ಸಾಲು ಸಾಲು ಮರದ ಗೂಟ ಹೊಡೆದು, ನಡುವೆ ವಿಲೋ ಗಿಡದ ರೆಂಬೆ ಹೆಣೆಸಿದರು. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಬೆಳೆಗಾರರು ಮಳೆಗಾಲ ಮುಗಿದ ಮೇಲೆ ತೋಡಿಗೆ ಹಾಕುವ ‘ಕಟ್ಟ’ದ ಬಳಗವೇ ಇದು. ಕಟ್ಟದಲ್ಲಿ ನೀರು ನಿಂತರೆ ಸುತ್ತಲಿನ ಬಾವಿ, ಕೆರೆಗಳಿಗೆ ಒರತೆ ಬರುತ್ತದೆ. ಆದರೆ ಕಟ್ಟವನ್ನು ವರ್ಷ ವರ್ಷ ನಾವೇ ಕಟ್ಟಬೇಕು, ಸೋರಿದಲ್ಲಿ ನಾವೇ ಮಣ್ಣು ಮೆತ್ತಬೇಕು. ಒರೆಗಾನ್‌ನವರು ಸೋರಿಕೆಯನ್ನು ಬೇಕೆಂದೇ ಬಿಟ್ಟರು. ನೀರು ಹರಿಯುವ ಸದ್ದನ್ನು ಧ್ವನಿವರ್ಧಕದಲ್ಲಿ ಕೇಳಿಸಿದರೂ ಬೀವರ್ ಓಡಿಬಂದು ಅಲ್ಲಿ ಕಡ್ಡಿ, ಮಣ್ಣು ಒಟ್ಟುವುದನ್ನು ಸ್ವೀಡನ್ನಿನ ಸಂಶೋಧಕ ಲಾರ್ಸ್ ವಿಲ್ಸನ್ ಹಿಂದೆಯೇ ತೋರಿಸಿದ್ದರು. ಇಲ್ಲೂ ಗೂಟದ ಆಸರೆ ಸಿಕ್ಕಿದ್ದೇ ತಡ, ಅವು ಕೆಲಸಕ್ಕಿಳಿದವು. ಮೇಲೂ ಕೆಳಗೂ ತಮ್ಮದೇ ಒಡ್ಡುಗಳನ್ನೂ ಎಬ್ಬಿಸಿದವು. ಹೂಳು ಕೂತು ತಳ ಏರಿತು, ನೀರು ಮತ್ತೆ ಬಯಲಿಗೆ ಹರಡಿತು.

ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಹಳ್ಳಕ್ಕೆ ಮರಳುವ ಸ್ಟೀಲ್‌ಹೆಡ್ ಮೀನಿಗೆ ಒಡ್ಡುಗಳು ಅಡ್ಡಬರುತ್ತವೆ ಎಂಬ ಅಂಜಿಕೆಯಿತ್ತು. ಮರಿಗಳ ಮೈಗೆ ಪುಟಾಣಿ ಚಿಪ್ ಸೇರಿಸಿ, ಒಡ್ಡು ಹಾಕದ ಇನ್ನೊಂದು ಹಳ್ಳದೊಂದಿಗೆ ವರ್ಷಗಟ್ಟಲೆ ಹೋಲಿಸಿದರು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಬ್ರಿಜ್ ಕ್ರೀಕ್‌ನಲ್ಲಿ ಮರಿಗಳು ಬದುಕುಳಿಯುವ ಪ್ರಮಾಣ ಶೇ. 52ರಷ್ಟು, ಅವುಗಳ ಒಟ್ಟು ಉತ್ಪಾದನೆ ಶೇ. 175ರಷ್ಟು ಹೆಚ್ಚಿತ್ತು. ದೊಡ್ಡ ಮೀನುಗಳ ಪಯಣಕ್ಕೂ ತಡೆಯಾಗಿರಲಿಲ್ಲ.